ಹದಿನೈದು ವೋಲ್ಟಿನ ಹ್ಯಾಮಣ್ಣ

ಹ್ಯಾಮಣ್ಣನ ಮನೆಗೆ ಹೋದರೆ ಮೊದಲು ಬರುವುದು ಕಾಫಿಯಲ್ಲ, ಪ್ರಶ್ನೆ. "ನಿನ್ನ ಲ್ಯಾಪ್‌ಟಾಪ್ ಚಾರ್ಜರ್ ಎಷ್ಟು ವಾಟಿಂದು?" ಉತ್ತರ ಕೊಟ್ಟರೂ ನಂಬದೆ ನನ್ನ ಬ್ಯಾಗಿಗೇ ಕೈಹಾಕಿ, ಕನ್ನಡಕ ಹಣೆಗೇರಿಸಿ, ಚಾರ್ಜರಿನ ಬೆನ್ನ ಮೇಲಿನ ಸಣ್ಣ ಅಕ್ಷರ ಓದತೊಡಗುತ್ತಾನೆ. 5 ವೋಲ್ಟ್, 9 ವೋಲ್ಟ್ ಬರುವಾಗ ಮುಖ ಸಪ್ಪಗಿರುತ್ತದೆ. "15 ವೋಲ್ಟ್, 3 ಆಂಪಿಯರ್" ಎಂಬ ಸಾಲು ಸಿಕ್ಕಿತೋ, ಒಳಗೆ ಕೂಗುತ್ತಾನೆ: "ಏ, ಇವನಿಗೆ ಕಾಫಿ ಕೊಡೇ!"

ಪರೀಕ್ಷೆ ಬರೆದು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಲೈಸೆನ್ಸ್ ಪಡೆದ, 'ವಿಯು'ವಿನಿಂದ ಶುರುವಾಗುವ ಕರೆಸಂಕೇತವುಳ್ಳ ಸಭ್ಯ ಗೃಹಸ್ಥ. ಹಿಂದೆ ಯುಪಿಎಸ್‌ನಿಂದ ಕಿತ್ತ ಎರಡು ಕಿಲೋಗೂ ಮೀರಿದ ಬ್ಯಾಟರಿಯನ್ನು ರೇಡಿಯೋ ನಡೆಸಲೆಂದು ಹೆಗಲಿಗೆ ನೇತುಹಾಕಿಕೊಂಡು ಬೆಟ್ಟ ಹತ್ತುತ್ತಿದ್ದ. ಆಗ ರೇಡಿಯೋ ಕೆಟ್ಟದ್ದಿಲ್ಲ, ಭುಜ ಕೆಟ್ಟಿತ್ತು. ಟೈಪ್-ಸಿ ಬಂದದ್ದೇ ತಡ, ಇನ್ನು ಮುಂದೆ ಜಗತ್ತಿಗೆಲ್ಲ ಒಂದೇ ಕೇಬಲ್ ಎಂದು ಘೋಷಿಸಿಬಿಟ್ಟ. ಆ ಒಂದೇ ಕೇಬಲ್ಲಿನ ಇಪ್ಪತ್ತು ಬಗೆ ಅವನ ಮೇಜಿನ ಮೇಲಿವೆ.

ತೊಡಕೇನೆಂದರೆ, ಇಂಥ ರೇಡಿಯೋಗಳು ಸಾಮಾನ್ಯವಾಗಿ 13.8 ವೋಲ್ಟಿಗೆ ಮಾಡಿದವು. ಟೈಪ್-ಸಿ ಚಾರ್ಜರಿನ ಪಟ್ಟಿಯಲ್ಲಿ ಆ ಅಂಕಿ ಇರುವುದಿಲ್ಲ. ಚಾರ್ಜರು ಮೊದಲು 5 ವೋಲ್ಟ್ ಮಾತ್ರ ಕೊಡುತ್ತದೆ. ಹೆಚ್ಚು ಬೇಕೆಂದರೆ ಗಾಂಧಿಬಜಾರಿನ ಹೂವಿನ ವ್ಯಾಪಾರದಂತೆ ಚೌಕಾಸಿ ಆಗಬೇಕು. ರೇಡಿಯೋಗೆ ಆ ಭಾಷೆ ಬಾರದು. ಅದರ ಪರವಾಗಿ ಮಾತಾಡಲು ಒಂದು ಪುಟಾಣಿ ಟ್ರಿಗರ್ ಬೋರ್ಡ್. ಅದು 15 ಕೇಳಿ ಕೊಡಿಸುತ್ತದೆ. 13.8ಕ್ಕೆ ಶೇಕಡಾ 15ರಷ್ಟು ಹೆಚ್ಚುಕಮ್ಮಿ ತಡೆಯುವ ರೇಡಿಯೋ ಆದರೆ 15 ಅಂಚಿನೊಳಗೇ ಉಂಟು. ಬೋರ್ಡಿನ ಸ್ವಿಚ್ಚು ಕೈತಪ್ಪಿ 20ಕ್ಕೆ ಜಾರಿದರೆ ಹೊಗೆ.

ಒಮ್ಮೆ ಅವನ ಜೊತೆ ನಂದಿಬೆಟ್ಟಕ್ಕೆ ಹೋದಾಗ ಇದೆಲ್ಲ ನನ್ನ ತಲೆಗೆ ಹತ್ತಿತು. ಮರಕ್ಕೆ ಆಂಟೆನಾದ ತಂತಿ ಕಟ್ಟಿ, ಐದು ವಾಟಿನ ರೇಡಿಯೋವನ್ನು ಪವರ್‌ಬ್ಯಾಂಕಿಗೆ ಸಿಕ್ಕಿಸಿ ಕೂತ. ಯಾರಾದರೂ ಇದ್ದೀರಾ ಎಂಬರ್ಥದ "ಸಿಕ್ಯೂ, ಸಿಕ್ಯೂ" ಕೂಗಿ ಉತ್ತರಕ್ಕೆ ಕಿವಿಗೊಟ್ಟರೆ ರೇಡಿಯೋ ಸ್ತಬ್ಧ. ಕೇಳುವಾಗ ಅದು ಹೀರುವ ಕರೆಂಟು ಅತ್ಯಲ್ಪವಾದ್ದರಿಂದ, ಕೆಲಸವಿಲ್ಲವೆಂದು ಪವರ್‌ಬ್ಯಾಂಕು ಮಲಗಿಬಿಟ್ಟಿತ್ತು. "ನಿನ್ನ ಫೋನ್ ಆ ಇನ್ನೊಂದು ತೂತಿಗೆ ಹಾಕು, ಎಚ್ಚರವಾಗಿರುತ್ತೆ" ಎಂದ, ಅದನ್ನು ಮತ್ತೆ ಎಬ್ಬಿಸುತ್ತ. ಅಷ್ಟರಲ್ಲಿ ಕೊಚ್ಚಿಯಿಂದ ಯಾರೋ ಉತ್ತರಿಸುತ್ತಿದ್ದರು. ಹಾಕಿದೆ. ಇಬ್ಬರು ಗಿರಾಕಿಗಳಾದರಲ್ಲ, ಪವರ್‌ಬ್ಯಾಂಕು ಚೌಕಾಸಿಯನ್ನು ಮೊದಲಿನಿಂದ ಶುರುಮಾಡಿತು, ರೇಡಿಯೋ ಆರಿತು. "ತೆಗಿಯೋ!" ತೆಗೆದೆ. ಮತ್ತೆ ಚೌಕಾಸಿ, ಮತ್ತೆ ಕತ್ತಲೆ. ಕೊಚ್ಚಿಯವರು ಎತ್ತ ಹೋದರೋ. ಇಳಿಯುವಾಗ ಹೆಂಡತಿಗೆ ಫೋನಿನಲ್ಲಿ ಹೇಳುತ್ತಿದ್ದ: "ಎಲ್ಲ ಸರಿ ಇತ್ತು ಕಣೇ, ಇವನು ಫೋನ್ ಹಾಕಿದ."

  

ಇದನ್ನೆಲ್ಲ ಕಂಡು ನಕ್ಕರೆ ಅವನು 2004ರ ಸುನಾಮಿಯ ಮಾತು ತೆಗೆಯುತ್ತಾನೆ. ಹವ್ಯಾಸಕ್ಕೆಂದು ಅಂಡಮಾನಿಗೆ ಹೋಗಿದ್ದ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡವೇ ಆಗ ಪೋರ್ಟ್ ಬ್ಲೇರ್‌ನಿಂದ ಎಷ್ಟೋ ಮಂದಿಯ ಕ್ಷೇಮಸಮಾಚಾರವನ್ನು ಮನೆಗಳಿಗೆ ಮುಟ್ಟಿಸಿತು. "ನೆರೆ ಬಂದ ಊರಲ್ಲಿ 12 ವೋಲ್ಟ್ ಬ್ಯಾಟರಿ ಎಲ್ಲಿ ಹುಡುಕ್ತೀಯ? ಪವರ್‌ಬ್ಯಾಂಕ್ ಯಾರ ಜೇಬಲ್ಲಾದರೂ ಇರುತ್ತೆ." ಕಾರಿನಲ್ಲಿ ಬ್ಯಾಟರಿ ಇರುತ್ತಲ್ಲ ಎಂದೆ, ದೇಶದ ಮೂಲೆಯ ಪಿಸುದನಿ ಹಿಡಿಯುವ ಕಿವಿಗೆ ಅದು ಕೇಳಿಸಲಿಲ್ಲ. ಅಂದು ಬೆಟ್ಟದ ಮೇಲೆ ಎಲ್ಲರೂ ಸೆಲ್ಫಿ ತೆಗೆದುಕೊಳ್ಳುತ್ತಿದ್ದಾಗ, ಕಾಣದ ಒಬ್ಬನ ಊರಿನ ಹವೆ ವಿಚಾರಿಸಲು ಇಷ್ಟು ಒದ್ದಾಡುತ್ತಿದ್ದವನು ಇವನೊಬ್ಬನೇ.

ಬೆಟ್ಟದಲ್ಲಿ ಮರಕ್ಕೆ ತಂತಿ ಕಟ್ಟಿ ಕೂತವರು ಕಂಡರೆ ಮಾತಾಡಿಸಿ, ಬೇಕಾದರೆ ಬಜ್ಜಿಯನ್ನೂ ಕೊಡಿಸಿ. ಪವರ್‌ಬ್ಯಾಂಕಿನ ತೂತು ಖಾಲಿ ಇದೆಯೆಂದು ನಿಮ್ಮ ಫೋನ್ ಮಾತ್ರ ಸಿಕ್ಕಿಸಬೇಡಿ, ಅವರೇ ಕೇಳಿದರೂ.