ಕ್ಯಾಲೆಂಡರ್ ಹಿಂದಿನ ಸಂಸಾರ

ಶನಿವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಬಲೆ ಹೊಡೆಯುವ ದಿನ. ನನ್ನವಳು ಉದ್ದನೆಯ ಗಳದ ತುದಿಗೆ ತೆಂಗಿನ ಪೊರಕೆ ಕಟ್ಟಿಕೊಂಡು, ತಲೆಗೆ ಹಳೇ ಟವೆಲ್ ಸುತ್ತಿ ಹೊರಟಳೆಂದರೆ ಪಾಳೆಯಗಾರರ ದಂಡು ಬಂದ ಹಾಗೆ. ಅಂಥದ್ದೊಂದು ಶನಿವಾರ ನಾನು ಪೊರಕೆಗೆ ಅಡ್ಡ ನಿಂತೆ. ಕಪ್ಪು ಮೈಯ, ಬೆನ್ನ ನಡುವೆ ಬಿಳಿ ಪಟ್ಟೆಯ, ಒಂದು ಸೆಂಟಿಮೀಟರಿನಷ್ಟಿದ್ದ ಜೇಡವೊಂದು ಗೋಡೆಯ ಮೇಲೆ ಕೂತು ನಮ್ಮಿಬ್ಬರನ್ನೂ ತಿರುಗಿ ತಿರುಗಿ ನೋಡುತ್ತಿತ್ತು.

“ಇದು ನೆಗೆಯುವ ಜೇಡ ಕಣೇ. ಬಲೆ ಕಟ್ಟಿ ನೊಣ ಹಿಡಿಯೋದಲ್ಲ, ಹುಲಿ ಹಾಗೆ ಹೊಂಚಿ ಹಾರುತ್ತೆ. ಮೂಲೇಲಿರೋ ಬಲೆ ಎಲ್ಲ ಆ ಉದ್ದಕಾಲಿನವುಗಳದ್ದು. ನಿರಪರಾಧಿಗೆ ಶಿಕ್ಷೆ ಬೇಡ.”

“ಓಹೋ, ಯಾವ ಬಲೆ ಯಾರದ್ದು ಅಂತ ನಿಮಗೆ ಗೊತ್ತಾಗುತ್ತೋ?” ಗಳ ನನ್ನ ಕೈಗೆ ಬಂತು. “ಹಾಗಾದ್ರೆ ಇನ್ಮೇಲೆ ನೀವೇ ವಿಚಾರಣೆ ಮಾಡಿ ತೆಗೀರಿ.”

ಅಂದಿನಿಂದ ಶನಿವಾರದ ಪೊರಕೆ ನನ್ನದೇ.

ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಡ್ಜರ್ ಬರೆದು ನಿವೃತ್ತನಾದವನಿಗೆ ಏನನ್ನು ಕಂಡರೂ ಖಾತೆ ತೆರೆಯುವ ಚಪಲ. ನೋಟ್‌ಬುಕ್ಕಿನಲ್ಲಿ ಮೊದಲ ಖಾತೆ ಕಪ್ಪು-ಬಿಳುಪಿನದು. ಎರಡನೆಯದು ಅದೇ ಗಾತ್ರದ, ಕಂದು ಮೈಯ, ನಡುವೆ ಮಾಸಲು ಪಟ್ಟೆಯ ಇನ್ನೊಂದರದು. ಪುಸ್ತಕದಲ್ಲಿ ಹುಡುಕಿದೆ. ಮೊದಲನೆಯದರ ಚಿತ್ರ ಸಿಕ್ಕಿತು: ಪ್ಲೆಕ್ಸಿಪ್ಪಸ್ ಪೇಕುಲ್ಲಿ. ಉಷ್ಣವಲಯದ ದೇಶಗಳ ಮನೆ, ಮಳಿಗೆ, ಉಗ್ರಾಣಗಳ ಗೋಡೆಯೆಲ್ಲ ಇದರ ಸಾಮ್ರಾಜ್ಯವಂತೆ. ಎರಡನೆಯದರ ಚಿತ್ರ ಎಲ್ಲೂ ಇಲ್ಲ. ಅಲ್ಲಿಗೆ ನನಗೆ ಖಾತ್ರಿಯಾಯಿತು, ಇದು ವಿಜ್ಞಾನಕ್ಕೇ ಗೊತ್ತಿಲ್ಲದ ಹೊಸ ಪ್ರಭೇದ!

ನೆಗೆಯುವ ಜೇಡಗಳ ಕುಟುಂಬವೇ ಜೇಡಗಳಲ್ಲೆಲ್ಲ ದೊಡ್ಡದು, 6,000ಕ್ಕೂ ಹೆಚ್ಚು ಪ್ರಭೇದಗಳು. 2022ರಲ್ಲಿ ಜಗತ್ತಿನ ಜೇಡಗಳ ಪಟ್ಟಿಗೆ 50,000ನೆಯದಾಗಿ ಸೇರಿದ್ದೂ ಇದೇ ಕುಟುಂಬದ್ದು, ದಕ್ಷಿಣ ಅಮೆರಿಕದಿಂದ. ಅವರ ಪಾಲಿಗೆ ಅಷ್ಟು ದೊಡ್ಡ ಖಂಡ ಇದ್ದರೆ ನಮ್ಮ ಪಾಲಿಗೆ ನಡುಮನೆ ಇಲ್ಲವೆ? ಸ್ವಂತ ಹೆಸರಿಟ್ಟುಕೊಳ್ಳುವುದು ವಿಜ್ಞಾನಿಗಳಲ್ಲಿ ಮರ್ಯಾದೆಯಲ್ಲವಂತೆ. ಅದಕ್ಕೆ ಹೆಂಡತಿಗೆ ಹೇಳಿದೆ: “ಇದಕ್ಕೆ ನಿನ್ನ ಹೆಸರಿಡ್ತೀನಿ.”

“ಜೇಡಕ್ಕಾ? ಇಷ್ಟು ವರ್ಷ ಬೇಯಿಸಿ ಹಾಕಿದ್ದಕ್ಕೆ ಇದಾ ಬಹುಮಾನ?”

ಆ ರಾತ್ರಿ ಸಾರಿಗೆ ಉಪ್ಪಿರಲಿಲ್ಲ.

ಸಂಶೋಧನೆ ನಿಲ್ಲಲಿಲ್ಲ. ನೆಗೆಯುವ ಜೇಡದ ಕಣ್ಣುಗಳೇ ಒಂದು ಅಧ್ಯಾಯ. ಒಟ್ಟು ಎಂಟು, ಮುಂದಿನ ಎರಡು ದೊಡ್ಡವು ದುರ್ಬೀನಿನ ಕೊಳವೆಯಂಥವು, ಮಸೂರ ಅಲುಗದೆ ಒಳಗಿನ ಅಕ್ಷಿಪಟಲ ಮಾತ್ರ ಆಚೀಚೆ ಸರಿದು ಎದುರಿನದನ್ನು ಅಳೆಯುತ್ತದೆ. ಮಿಕ್ಕ ಆರು ಸುತ್ತಲಿನ ಕಾವಲಿಗೆ. ಹಿಂದಿನಿಂದ ಪೊರಕೆ ಬಂದರೂ ಗೊತ್ತಾಗುತ್ತದೆ. ಸಂಸಾರದಲ್ಲಿ ನನಗೆ ಇವತ್ತಿಗೂ ಒಲಿಯದ ವಿದ್ಯೆ. ಹಾರುವುದು ತೊಡೆಯ ಬಲದಿಂದಲ್ಲ, ಹಿಂಗಾಲಿಗೆ ಒಮ್ಮೆಲೇ ರಕ್ತದ ಒತ್ತಡ ನುಗ್ಗಿಸಿ. ನನಗೂ ಬಿ.ಪಿ. ಇದೆ, ಆದರೆ ಚರಂಡಿ ದಾಟಲೂ ಯಾರಾದರೂ ಕೈ ಹಿಡಿಯಬೇಕು. ಹಾರುವ ಮುಂಚೆ ನೂಲಿನ ತುದಿಯನ್ನು ಗೋಡೆಗೆ ಅಂಟಿಸಿಕೊಂಡೇ ಹಾರುವುದು, ಗುರಿ ತಪ್ಪಿದರೆ ನೇತಾಡಿಕೊಂಡು ವಾಪಸ್ ಬರಲಿಕ್ಕೆ. ಬ್ಯಾಂಕಿನವನಿಗೆ ಬಹಳ ಹಿಡಿಸಿದ ಗುಣ. ಅಡಮಾನವಿಲ್ಲದ ವ್ಯವಹಾರವೇ ಇಲ್ಲ.

ಒಂದು ದಿನ ಎರಡೂ ಖಾತೆಗಳು ಎದುರಾಬದುರಾದವು. ಕಪ್ಪಿನದು ಮುಂಗಾಲೆತ್ತಿ ಅಡ್ಡಡ್ಡ ಹೆಜ್ಜೆ ಹಾಕುತ್ತ ಕುಣಿಯಿತು. ‘ಗಡಿ ವಿವಾದ’ ಎಂದು ಬರೆದುಕೊಂಡೆ. ಮರುವಾರ ನೋಡಿದರೆ ಕ್ಯಾಲೆಂಡರ್ ಹಿಂದೆ ನೂಲಿನ ಎರಡು ಪುಟ್ಟ ಡೇರೆ, ಒಂದಕ್ಕೊಂದು ತಾಗಿಕೊಂಡು. ಒಂದರಲ್ಲಿ ಕಪ್ಪು, ಇನ್ನೊಂದರಲ್ಲಿ ಕಂದು. ‘ಅತಿಕ್ರಮಣ, ಗಂಭೀರ’ ಎಂದು ಕೆಂಪು ಇಂಕಿನಲ್ಲಿ ಬರೆದೆ. ಕಾಫಿ ತಂದವಳು ನನ್ನ ಭುಜದ ಮೇಲಿಂದ ಇಣುಕಿದಳು.

“ಅಯ್ಯೋ, ಅವು ಗಂಡ ಹೆಂಡತಿ ಕಣ್ರೀ.”

“ಹೇಗೆ ಹೇಳ್ತೀಯ? ಬಣ್ಣ ಬೇರೆ, ಪಟ್ಟೆ ಬೇರೆ...”

“ಅವತ್ತಿಂದ ನೋಡ್ತಾ ಇದೀನಿ. ಒಂದು ಸೊಳ್ಳೆ ಹಿಡೀತಾ ಇದೆ. ಇನ್ನೊಂದು ಸುಮ್ನೆ ಕುಣೀತಾ ಇದೆ.”

ಹಟಕ್ಕೆ ಬಿದ್ದು ಓದಿದೆ. ಅವಳು ಹೇಳಿದ್ದೇ ಸರಿ. ಈ ಪ್ರಭೇದದ ಗಂಡು ಹೆಣ್ಣಿನ ಬಣ್ಣವೇ ಬೇರೆ. ಜಾಕ್ಸನ್, ಮ್ಯಾಕ್‌ನಾಬ್ ಎಂಬಿಬ್ಬರು 1989ರಲ್ಲೇ ಇವುಗಳ ಪ್ರಣಯವನ್ನು ವಿವರವಾಗಿ ಬರೆದಿಟ್ಟಿದ್ದಾರೆ. ಹೆಣ್ಣು ಬಯಲಲ್ಲಿ ಸಿಕ್ಕರೆ ಗಂಡು ಕುಣಿದು ತೋರಿಸುತ್ತಾನೆ. ಗೂಡಿನೊಳಗಿದ್ದರೆ ನೂಲನ್ನು ಮೀಟಿ ತಿಳಿಸುತ್ತಾನೆ. ಅವಳಿನ್ನೂ ಪ್ರಾಯಕ್ಕೆ ಬಂದಿಲ್ಲವಾದರೆ ಪಕ್ಕದಲ್ಲೇ ಬಿಡಾರ ಹೂಡಿ, ಕೊನೆಯ ಪೊರೆ ಕಳಚುವವರೆಗೆ ಕಾಯುತ್ತಾನೆ. ನನ್ನ ಕೆಂಪು ಇಂಕಿನ ಅತಿಕ್ರಮಣ ಅಂದರೆ ಅದೇ.

ಮಾನ ಉಳಿಸಿಕೊಳ್ಳಲು ಇತಿಹಾಸಕ್ಕೆ ಮೊರೆಹೋದೆ. ನೆಪೋಲಿಯನ್ನನ ಈಜಿಪ್ಟ್ ದಂಡಯಾತ್ರೆಯ ಜೊತೆ ಹೋಗಿದ್ದ ಸಾವಿನ್ಯಿ ಎಂಬ ವಿಜ್ಞಾನಿ ಅಲ್ಲಿನ ಜೇಡಗಳ ಚಿತ್ರಗಳನ್ನು ಸಿದ್ಧಪಡಿಸಿದ್ದ. ಆದರೆ ಕಣ್ಣಿನ ಕಾಯಿಲೆಯಿಂದ ವಿವರಣೆ ಬರೆಯಲಾಗಲಿಲ್ಲ. ಎಂಟು ಕಣ್ಣಿನದನ್ನು ನೋಡಿ ನೋಡಿ ಎರಡು ಕಣ್ಣು ಸೋತವು, ಪಾಪ. 1826ರಲ್ಲಿ ಆ ಕೆಲಸ ಮುಗಿಸಿದವನು ಓಡ್ವಾಂ. ನಮ್ಮ ಗೋಡೆಯ ಜೇಡಕ್ಕೆ ಹೆಸರು ಬಂದದ್ದು ಆಗ. ಪ್ಲೆಕ್ಸಿಪ್ಪಸ್ ಎಂಬ ಕುಲವನ್ನು ಮಾಡಿದ್ದು 1846ರಲ್ಲಿ, ಜರ್ಮನಿಯ ಅರಣ್ಯಾಧಿಕಾರಿ ಕೋಖ್. ಗ್ರೀಕ್ ಕತೆಯಲ್ಲಿ ಪ್ಲೆಕ್ಸಿಪ್ಪಸ್ ಎನ್ನುವವನು ಕಾಡುಹಂದಿಯ ಚರ್ಮದ ಜಗಳದಲ್ಲಿ ಅಳಿಯನ ಕೈಯಲ್ಲಿ ಸತ್ತ ಸೋದರಮಾವ. ಹಂದಿಯ ಚರ್ಮಕ್ಕೇ ಅಷ್ಟಾದರೆ ನಮ್ಮೂರ ತೋಟ ಪಾಲಾಗುವಾಗ ಏನಾಯಿತೆಂದು ಬರೆಯದಿರುವುದೇ ಒಳ್ಳೆಯದು.

ಪ್ರತಿ ಮನೆಯಲ್ಲೂ ಎಲ್ಲೂ ಸಲ್ಲದ್ದನ್ನು ತುರುಕುವ ಒಂದು ಡ್ರಾಯರ್ ಇರುತ್ತದೆ. ಹಳೇ ಬೀಗದ ಕೈ, ಸತ್ತ ಬ್ಯಾಟರಿ, ಮದುವೆ ಕಾಗದ. ಪ್ಲೆಕ್ಸಿಪ್ಪಸ್ ಕುಲವೂ ಬಹಳ ಕಾಲ ಹಾಗೇ ಇತ್ತು. ಸಿಕ್ಕಸಿಕ್ಕ ಜೇಡಗಳನ್ನೆಲ್ಲ ಅದರೊಳಗೆ ಹಾಕಿ, ಆಮೇಲೆ ಬಂದವರು ಒಂದೊಂದಾಗಿ ಹೆಕ್ಕಿ ಬೇರೆ ಕುಲಗಳಿಗೆ ಸಾಗಿಸಿದರು. ಒಂದೇ ಜೇಡಕ್ಕೆ ನಾಲ್ಕಾರು ಪಂಡಿತರು ನಾಲ್ಕಾರು ಹೆಸರಿಟ್ಟದ್ದೂ ಉಂಟು. ಇದನ್ನು ಹೆಂಡತಿಗೆ ಓದಿ ಹೇಳಿದೆ. “ಅವರ ಮನೇಲೂ ಹೆಂಡತೀರಿದ್ರಲ್ಲ, ಕೇಳಬಹುದಿತ್ತು” ಅಂದಳು.

ನಮ್ಮದು ಪೇಕುಲ್ಲಿಯೋ, ಅದೇ ಕುಲದ ಪೀಟರ್ಸಿಯೋ ಎಂದು ಪಕ್ಕಾ ತಿಳಿಯಲು ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅದಕ್ಕೆ ಜೇಡವನ್ನು ಆಲ್ಕೋಹಾಲಿನಲ್ಲಿ ಇಡಬೇಕು. ಆ ಪದ ಬಾಯಿಂದ ಬೀಳುವುದೇ ತಡ, “ಜೇಡದ ನೆಪದಲ್ಲಿ ಮನೆಗೆ ಬಾಟಲಿ ಬರೋ ಹಾಗಿಲ್ಲ” ಎಂಬ ಆಜ್ಞೆ ಅಡುಗೆಮನೆಯಿಂದ ಹೊರಟಿತು. ವಿಜ್ಞಾನ ಅಲ್ಲಿಗೆ ನಿಂತಿದೆ.

ಇಷ್ಟೂ ದಿನ ಕೇಳಿಸಿಕೊಳ್ಳುತ್ತಿದ್ದ ಅಮ್ಮ ಜಪಸರ ಕೆಳಗಿಟ್ಟು ಕೇಳಿದಳು: “ಅವೆರಡೂ ಯಾವ ಗೋತ್ರವೋ?”

“ಒಂದೇ ಕುಲ, ಒಂದೇ ಪ್ರಭೇದ ಅಮ್ಮ.”

“ಸಗೋತ್ರವಾ! ಶಿವ ಶಿವಾ!”

ಡಿಸೆಂಬರ್ ಹೊತ್ತಿಗೆ ಗಂಡು ನಾಪತ್ತೆ. ಹೆಣ್ಣು ಕ್ಯಾಲೆಂಡರಿಗೂ ಗೋಡೆಗೂ ಸೇರಿಸಿ ನೂಲಿನ ಗೂಡು ಮಾಡಿ, ಮೊಟ್ಟೆಯಿಟ್ಟು ಕಾವಲು ಕೂತಿತು. ಜನವರಿ ಒಂದಕ್ಕೆ ಹೊಸ ಕ್ಯಾಲೆಂಡರ್ ಹಿಡಿದು ಹೋದ ನನಗೆ ಈ ಸಲ ಅಡ್ಡ ನಿಂತವಳು ನನ್ನವಳೇ. “ಬಾಣಂತಿ ಇದಾಳೆ, ಮುಟ್ಟಬೇಡಿ.” ಹೊಸದು ಸ್ಟೋರ್‌ರೂಮಿನ ಬಾಗಿಲ ಹಿಂದೆ ಹೋಯಿತು. ಹಳೆಯದು ನಡುಮನೆಯಲ್ಲೇ ಉಳಿಯಿತು.

ಇದನ್ನು ಅಮ್ಮನಿಗೆ ಹೇಳುವುದನ್ನು ಇಬ್ಬರೂ ಮರೆತೆವು. ಹೋದ ವರ್ಷದ ಏಕಾದಶಿ ನೋಡಿಕೊಂಡು ಅವಳು ಎರಡು ಸಲ ತಪ್ಪು ದಿನ ಉಪವಾಸ ಮಾಡಿದ್ದು ಪುರೋಹಿತರು ಬಂದಾಗ ಬಯಲಾಯಿತು. ನಾನು ನೋಟ್‌ಬುಕ್ ಹಿಡಿದು ಮೆಲ್ಲಗೆ ಹಿತ್ತಲಿಗೆ ಜಾರುತ್ತಿದ್ದೆ.

“ಸಗೋತ್ರದವರಿಗೆ ಮನೇಲಿ ಜಾಗ ಕೊಟ್ರೆ ಇನ್ನೇನಾಗುತ್ತೆ?” ಅಮ್ಮ ಒಳಗಿನಿಂದ ಕೂಗಿದಳು. “ನಿಲ್ಲೋ, ಆ ಎರಡು ದಿನದ ಉಪವಾಸ ಯಾರ ಖಾತೆಗೆ ಬರೀತೀಯ?”