ಎಲೆ ಕಷಾಯದ ಡಾಕ್ಟರು

ಹೊಂಗೆ ಎಲೆ ಕಿತ್ತು ತೊಳೆದು, ಕುದಿಸಿ ಸೋಸಿ. ಆ ಕಷಾಯಕ್ಕೆ ಸಿಲ್ವರ್ ನೈಟ್ರೇಟ್ ಬೆರೆಸಿ. ತಿಳಿ ಹಳದಿ ದ್ರಾವಣ ಕಂದಾಯಿತೇ? ಬೆಳ್ಳಿಯ ನ್ಯಾನೊ ಕಣ ಸಿದ್ಧ, ಪಿಎಚ್‌ಡಿಯ ಒಂದು ಅಧ್ಯಾಯವೂ ಸಿದ್ಧ. ಮುಂದಿನದಕ್ಕೆ ಬೇವು, ಅದರ ಮುಂದಿನದಕ್ಕೆ ತುಳಸಿ. ನುಗ್ಗೆಯನ್ನು ಮುಟ್ಟುವಂತಿಲ್ಲ, ಪಕ್ಕದ ಬೆಂಚಿನವನು ಹಿಡಿದಿದ್ದಾನೆ. ರಸಾಯನಶಾಸ್ತ್ರ ವಿಭಾಗದ ಹಿತ್ತಲಿನ ಗಿಡಗಳು ಬೋಳಾಗಿದ್ದರೆ ಮೇಕೆಗಳನ್ನು ಬೈಯಬೇಡಿ.

ಕಣದ ಫೋಟೊ ತೆಗೆಸಲು ಬೇರೆ ಊರಿನ ಎಲೆಕ್ಟ್ರಾನ್ ಮೈಕ್ರೊಸ್ಕೋಪಿಗೆ ದುಡ್ಡು ಕಟ್ಟಿ ಕಾಯಬೇಕು. ಕಾಯುವ ಹೊತ್ತಿನಲ್ಲಿ ಗೈಡ್ ಮಗಳ ಮದುವೆಯಲ್ಲಿ ಪಂಕ್ತಿಗೆ ಬಡಿಸಬಹುದು. ಬೇರೆಯವರ ಬರಹದೊಂದಿಗೆ ಥೀಸಿಸ್‌ನ ಹೋಲಿಕೆ ಶೇ 10 ದಾಟಬಾರದು. ಅದಕ್ಕೆ 'ತಯಾರಿಸಲಾಯಿತು' ಎಂಬುದನ್ನು 'ಸಿದ್ಧಪಡಿಸಲಾಯಿತು' ಎಂದು ತಿದ್ದಿದರೆ ಸ್ವಂತ ಸಂಶೋಧನೆ.

ವಿಶ್ವವಿದ್ಯಾಲಯದ ವಿಭಾಗಗಳಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಪಿಎಚ್‌ಡಿ ಬೇಕೇ ಬೇಕು ಎಂದು 2018ರಲ್ಲಿ ಗುಡುಗಿದ ಯುಜಿಸಿ, ಗಡುವನ್ನು 2021ರಿಂದ 2023ಕ್ಕೆ ತಳ್ಳಿ, ಆಮೇಲೆ ನೆಟ್ಟೋ ಸೆಟ್ಟೋ ಇದ್ದರೆ ಸಾಕು ಎಂದಿತು. ಅಷ್ಟರಲ್ಲಿ ನಮ್ಮ ಸಂಶೋಧಕ ಬೇವು ಮುಗಿಸಿ ತುಳಸಿಗೆ ಕೈಹಾಕಿದ್ದ.

ಪಾಠ ಹೇಳುವುದನ್ನು ಯಾರೂ ಕಲಿಸಲಿಲ್ಲವೇ? ಅಪಚಾರ! ಸಂಶೋಧಕರೆಲ್ಲ ತಮ್ಮ ವಿಷಯದ ಬೋಧನೆಯಲ್ಲೋ ಬರವಣಿಗೆಯಲ್ಲೋ ತರಬೇತಿ ಪಡೆಯಬೇಕು, ವಾರಕ್ಕೆ 4ರಿಂದ 6 ಗಂಟೆ ಟ್ಯುಟೋರಿಯಲ್, ಲ್ಯಾಬು, ಮೌಲ್ಯಮಾಪನದ ಕೆಲಸ ವಹಿಸಬಹುದು ಎಂದು ಯುಜಿಸಿಯ 2022ರ ನಿಯಮವೇ ಹೇಳುತ್ತದೆ. 'ಬಹುದು' ಎಂಬುದನ್ನು ನಮ್ಮ ವಿಭಾಗಗಳು ಬಹಳ ಗೌರವದಿಂದ ಓದುತ್ತವೆ. ಲ್ಯಾಬಿನ ಕೆಲಸ ಎಂದರೆ ಒಡೆದ ಬ್ಯೂರೆಟ್ ಎಣಿಸುವುದು. ಮೌಲ್ಯಮಾಪನ ಎಂದರೆ ಗೈಡ್ ಪಾಲಿನ ಉತ್ತರಪತ್ರಿಕೆಯ ಕಟ್ಟು ಹೊರುವುದು.

ವೈವಾದಲ್ಲಿ ಹೊರಗಿನ ಪರೀಕ್ಷಕರು ಕೇಳಿದ್ದು ಒಂದೇ: "ಮಾವಿನೆಲೆ ಹಾಕಿ ನೋಡಿದಿರಾ?" ಚಪ್ಪಾಳೆ, ಶಾಲು, ಕೇಸರಿಬಾತು.

ಡಾಕ್ಟರಾದವನು ಡಿಗ್ರಿ ಕಾಲೇಜಿಗೆ ಅತಿಥಿ ಉಪನ್ಯಾಸಕನಾಗಿ ಬಂದ. ಹತ್ತನೆಯವರೆಗೆ ಕನ್ನಡದಲ್ಲೇ ಓದಿದ ಹುಡುಗಿಯೊಬ್ಬಳು ಎದ್ದು, "ಸರ್, ಮೋಲ್ ಅಂದ್ರೆ ಏನು?" ಎಂದಳು. ಇವನು ಬೋರ್ಡಿನ ಮೇಲೆ 6.022 × 10²³ ಎಂದು ಬರೆದು ಗೆದ್ದವನಂತೆ ತಿರುಗಿದ.

"ಅದು ಪುಸ್ತಕದಲ್ಲೇ ಇದೆ ಸರ್. ಅಷ್ಟು ದೊಡ್ಡ ಸಂಖ್ಯೆ ಯಾಕೆ ಬೇಕಾಯ್ತು?"

ಐದು ವರ್ಷಗಳಲ್ಲಿ ಯಾರೂ ಇವನನ್ನು 'ಯಾಕೆ' ಎಂದು ಕೇಳಿರಲಿಲ್ಲ. ಸದ್ಯ, ಬೆಲ್ ಹೊಡೆಯಿತು.

ಇವನಿಗಿಂತ ಮೊದಲು ಅದೇ ಬೋರ್ಡಿನ ಮುಂದೆ ಹನ್ನೆರಡು ವರ್ಷ ಒಬ್ಬ ಮೇಡಂ ಇದ್ದರು. ಒಂದು ಡಜನ್ ಬಾಳೆಹಣ್ಣು ತಂದು ಮೇಜಿನ ಮೇಲಿಟ್ಟು ಮೋಲ್ ಪಾಠ ಶುರು ಮಾಡುತ್ತಿದ್ದರು, ಮುಗಿದ ಮೇಲೆ ಹಣ್ಣು ಹಂಚುತ್ತಿದ್ದರು. ನೆಟ್, ಕೆಸೆಟ್, ಪಿಎಚ್‌ಡಿ ಯಾವುದೂ ಇಲ್ಲವೆಂದು ಈ ವರ್ಷ ಅವರನ್ನು ಕರೆಯಲಿಲ್ಲ.