ಗಣಪತಿ ಗುಡಿಯ ತಿರುವಿನ ಗೊಂಯ್

ನಮ್ಮ ಮನೆಯಲ್ಲಿ ಸಂಜೆ ಕಾಫಿಗೆ ಹಾಲು ಒಲೆಗೇರುತ್ತಿದ್ದುದು ಗಡಿಯಾರ ನೋಡಿ ಅಲ್ಲ, ನನ್ನ ಅಂಬಾಸಿಡರ್ ಕಾರಿನ ಸದ್ದು ಕೇಳಿ. ಗಣಪತಿ ಗುಡಿಯ ತಿರುವಿನಲ್ಲಿ ಕಾರು 'ಗೊಂಯ್' ಎಂದರೆ ಹೆಂಡತಿ ಹಾಲಿಡುತ್ತಾಳೆ. ನಾನು ಗೇಟು ತೆಗೆದು, ಕಾರು ಒಳಗೆ ಹಾಕಿ, ಚಪ್ಪಲಿ ಬಿಡುವಷ್ಟರಲ್ಲಿ ಹಾಲು ಉಕ್ಕಿ ಬಂದಿರುತ್ತದೆ. ಇಬ್ಬರೂ ಮಾತಾಡಿ ಮಾಡಿಕೊಂಡ ಏರ್ಪಾಡಲ್ಲ ಇದು, ತಾನಾಗಿ ಕುದುರಿದ್ದು.

ಒಂದು ದಿನ ಗೊಂಯ್ ಜೊತೆಗೆ ಕಟಕಟವೂ ಸೇರಿತು. ನಮ್ಮ ಮೇಸ್ತ್ರಿಯನ್ನು ಕೂರಿಸಿಕೊಂಡು ಮೈಸೂರಿನ ರಿಂಗ್ ರೋಡಿನಲ್ಲಿ ಒಂದು ಸುತ್ತು ಹೊಡೆದೆ. ಕೂರಿಸಿಕೊಂಡು ಎನ್ನುವುದು ಪೂರ್ತಿ ನಿಜವಲ್ಲ. ಅವನು ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಮಲಗಿ, ಕಿವಿಯನ್ನು ಸೀಟಿಗೆ ಒತ್ತಿಕೊಂಡಿದ್ದ. "ಆಕ್ಸಲರೇಟರ್ ಕೊಡಿ ಸಾರ್... ಈಗ ಬಿಡಿ... ಮತ್ತೆ ಕೊಡಿ." ಕಾಲು ಒತ್ತಿದರೂ ಎತ್ತಿದರೂ ಸದ್ದು ಒಂದೇ ಸಮನೆ ಇದ್ದರೆ ಅದು ಚಕ್ರದ ಬೇರಿಂಗ್. ಕಾಲಿಗೆ ತಕ್ಕಂತೆ ರಾಗ ಬದಲಿಸಿದರೆ ಒಳಗಿನ ಹಲ್ಲುಚಕ್ರ. ನಮ್ಮದು ಕಾಲಿಗೆ ತಕ್ಕಂತೆ ಹಾಡುತ್ತಿತ್ತು. "ಕ್ರೌನ್ ಹೋಗಿದೆ ಸಾರ್" ಎಂದು ಮೇಸ್ತ್ರಿ ಎದ್ದು ಕೂತ. ಕ್ರೌನ್ ಎಂದರೆ ಕಿರೀಟ ಎಂದುಕೊಂಡಿದ್ದ ನನಗೆ, ಅದು ಕಾರಿನ ತಲೆಯ ಮೇಲಲ್ಲ, ಹಿಂಬದಿಯಲ್ಲಿರುತ್ತದೆ ಎಂದು ಅವತ್ತೇ ಗೊತ್ತಾಗಿದ್ದು.

ತಪ್ಪು ಕಾರಿನದಲ್ಲ. ಹಿಂದಿನ ಅಚ್ಚಿನ ನಡುವೆ ಒಂದು ಗುಂಡನೆಯ ಡುಬ್ಬ ಇರುತ್ತದಲ್ಲ, ಅದರ ಮರೆಗೆ ಒಂದು ಬಿರಡೆ ಇದೆ. ಬಿಚ್ಚಿ ಬೆರಳು ಹಾಕಿದರೆ ತೂತಿನ ಅಂಚಿಗೇ 90 ನಂಬರ್ ಆಯಿಲ್ ತಾಗಬೇಕು. ಗಂಧಕದ ವಾಸನೆಯ, ಜೋನಿಬೆಲ್ಲದಂಥ ಎಣ್ಣೆ. ಮೇಸ್ತ್ರಿಯ ಬೆರಳು ಹೋದಷ್ಟೇ ಶುಭ್ರವಾಗಿ ಆಚೆ ಬಂತು. ಸೀಲು ಒಡೆದು ಎಣ್ಣೆಯೆಲ್ಲ ಎಷ್ಟೋ ತಿಂಗಳಿಂದ ನಮ್ಮ ಅಂಗಳಕ್ಕೆ ತೊಟ್ಟಿಕ್ಕುತ್ತಿತ್ತು. ಕಲೆ ಕಂಡಿರಲಿಲ್ಲವೇ? ಕಂಡಿತ್ತು. ಹೆಂಡತಿ ರಂಗೋಲಿಯನ್ನು ಒಂದು ಗಜ ಆಚೆಗೆ ಹಾಕತೊಡಗಿದ್ದಳು, ನಾನು ಕಲೆ ದಾಟಿ ನಡೆಯುತ್ತಿದ್ದೆ.

ನಮ್ಮಜ್ಜ ಹೀಗೆ ಮಾಡುತ್ತಿರಲಿಲ್ಲ. ಅವರ ಗಾಡಿಯ ಕೆಳಗೆ ಬಿದಿರ ಗೊಟ್ಟದಲ್ಲಿ ಕೀಲೆಣ್ಣೆ ಸದಾ ತೂಗಾಡುತ್ತಿತ್ತು. ಆದರೆ ಅಜ್ಜನ ಗಾಡಿಗೆ ಕ್ರೌನೂ ಬೇಕಿರಲಿಲ್ಲ, ಅದನ್ನು ತಿರುಗಿಸುವ ಪುಟ್ಟ ಹಲ್ಲುಚಕ್ರ ಪಿನಿಯನ್ನೂ ಬೇಕಿರಲಿಲ್ಲ. ಎತ್ತು ಎಳೆಯುತ್ತದೆ, ಎರಡು ಚಕ್ರವೂ ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ಉರುಳುತ್ತವೆ. ನನ್ನ ಕಾರಿನಲ್ಲಿ ಹಿಂದಿನ ಚಕ್ರವೇ ಎತ್ತು. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಇಬ್ಬರಿಗೂ ಮನಸ್ತಾಪವಾಗದಂತೆ ಹಂಚಿಕೊಡುವುದಕ್ಕೆ ಡಿಫರೆನ್ಷಿಯಲ್ ಎಂಬ ಪಂಚಾಯ್ತಿ.

ಹೊಸ ಕ್ರೌನ್ ಪಿನಿಯನ್ ಜೋಡಿ ತಂದು ಹಾಕುವುದೊಂದು ದಾರಿ. ಅವೆರಡನ್ನೂ ಒಟ್ಟಿಗೇ ಉಜ್ಜಿ ಹೊಂದಿಸಿರುತ್ತಾರೆ, ಬೇರೆ ಬೇರೆ ಮಾಡುವಂತಿಲ್ಲ. ಕೂರಿಸುವಾಗ ಹಲ್ಲಿಗೆ ಬಣ್ಣ ಬಳಿದು, ಎಲ್ಲಿ ತಾಗುತ್ತದೆಂದು ನೋಡಿ, ಕಾಗದದಷ್ಟು ತೆಳ್ಳನೆಯ ಬಿಲ್ಲೆಗಳನ್ನು ಸೇರಿಸುತ್ತ ತೆಗೆಯುತ್ತ ಕೂರಬೇಕು. "ಮಾಡ್ತೀನಿ ಸಾರ್, ಆದ್ರೆ ಕಣ್ಣು ಮೊದಲಿನ ಹಾಗಿಲ್ಲ" ಎಂದ ಮೇಸ್ತ್ರಿ. ಇಷ್ಟು ಪ್ರಾಮಾಣಿಕ ಮಾತನ್ನು ಗ್ಯಾರೇಜಿನಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ. ಇಡೀ ಅಚ್ಚನ್ನೇ ತರುವುದೆಂದಾಯಿತು.

ಯಾವ ಅಚ್ಚು? ಪಕ್ಕದ ಮನೆಯ ರಾಯರು, ನಿವೃತ್ತ ಎಂಜಿನಿಯರು, ಕಾಂಪೌಂಡಿನ ಮೇಲಿಂದ ಬಗ್ಗಿದರು. "ಹಳೇ ಜೀಪಿಂದು ಹಾಕಿಸ್ಬಿಡಿ. ಚಾಮುಂಡಿ ಬೆಟ್ಟ ಮೂರನೇ ಗೇರಲ್ಲೇ ಹತ್ತತ್ತೆ." ಹತ್ತುತ್ತದೆ, ಸುಳ್ಳಲ್ಲ. ನನ್ನ ಕಾರಿನ ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 9. ಅಂದರೆ ಚಕ್ರ ಒಂದು ಸುತ್ತು ತಿರುಗಲು ಎಂಜಿನ್ ಕಡೆಯ ಶಾಫ್ಟು ನಾಲ್ಕೂವರೆ ಸುತ್ತು ಚಿಲ್ಲರೆ ತಿರುಗಬೇಕು. ಹಳೇ ಜೀಪಿನಲ್ಲಿ ಈ ಲೆಕ್ಕ 5.38. ಬೆಟ್ಟಕ್ಕೆ ಅದು ಸರಿ, ಬೆಂಗಳೂರು ರಸ್ತೆಯಲ್ಲಿ ಎಂಜಿನ್ ಕಿರುಚಿಕೊಳ್ಳುತ್ತದೆ. ಅದೂ ಅಲ್ಲದೆ ಸ್ಪೀಡೋಮೀಟರಿಗೆ ಸುದ್ದಿ ಹೋಗುವುದು ಗೇರ್‌ಬಾಕ್ಸಿನಿಂದ. ಹಿಂದೆ ಅಚ್ಚು ಬದಲಾದದ್ದು ಅದಕ್ಕೆ ತಿಳಿಯದು. ಮುಳ್ಳು 70 ತೋರಿಸುವಾಗ ಕಾರು 60ರ ಆಸುಪಾಸಿನಲ್ಲಿರುತ್ತದೆ. "ಒಳ್ಳೇದೇ ಆಯ್ತಲ್ರೀ, ಈ ವಯಸ್ಸಿಗೆ" ಎಂದರು ರಾಯರು. ಜೀಪಿನ ಡುಬ್ಬ ನಡುವಿನಲ್ಲಿರದೆ ಒಂದು ಪಕ್ಕಕ್ಕೆ ಸರಿದಿರುತ್ತದೆ, ನಮ್ಮ ಶಾಫ್ಟು ಅದಕ್ಕೆ ನೇರ ಬರದು ಎಂದು ಮೇಸ್ತ್ರಿ ಹೇಳಿದ ಮೇಲೆ ಆ ಮಾತು ನಿಂತಿತು. ರಾಯರು ಕಾಂಟೆಸ್ಸಾ ಕಾರಿನ ಅಚ್ಚಿನ ಪ್ರಸ್ತಾಪ ಎತ್ತುವಷ್ಟರಲ್ಲಿ ನಾನು ಒಳಗೆ ಹೋಗಿದ್ದೆ.

ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಅಲ್ಲಿಂದೀಚೆಗೆ ನಮ್ಮಂಥವರಿಗೆ ಬೆಂಗಳೂರಿನ ಶಿವಾಜಿನಗರದ ಗುಜರಿಯೇ ಕಾರ್ಖಾನೆ. ಹೋದೆವು. ಒಂದು ಅಂಗಡಿಯ ಮುಂದೆ ಮೂರು ಅಚ್ಚುಗಳು ಒಂದರ ಮೇಲೊಂದು ಮಲಗಿದ್ದವು. "ಮೂರೂ ಒಂದೇ ಸಾರ್, ಯಾವ್ದ್ ಬೇಕಾದ್ರೂ ತಗೊಳ್ಳಿ" ಎಂದ ಹುಡುಗ. ಬಸವನಗುಡಿಯ ಕಡಲೆಕಾಯಿಗೂ ಯಾರೂ ಹಾಗನ್ನುವುದಿಲ್ಲ. ಮೇಸ್ತ್ರಿ ಒಂದೊಂದರ ಬಿರಡೆ ಬಿಚ್ಚಿ, ಎಣ್ಣೆ ಮುಟ್ಟಿ, ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ಬಿಸಿಲಿಗೆ ಹಿಡಿದ. ಮೊದಲನೆಯದು ಬೆಳ್ಳಿಪುಡಿ ಮೆತ್ತಿದಂತೆ ಮಿನುಗಿತು: ಹಲ್ಲು ಸವೆದಿದೆ. ಎರಡನೆಯದು ಹಾಲು ಬೆರೆಸಿದ ಕಾಫಿಯ ಬಣ್ಣ: ನೀರು ಹೋಗಿದೆ. ಮೂರನೆಯದು ಕಪ್ಪಗೆ, ಜಿಗುಟಾಗಿ, ಮರ್ಯಾದಸ್ಥವಾಗಿತ್ತು.

ಇನ್ನು ಹಲ್ಲಿನ ಲೆಕ್ಕ. ಬಿಚ್ಚದೆಯೇ ಎಣಿಸಬಹುದು. ಒಂದು ಪಕ್ಕದ ಹಬ್ಬನ್ನು ಅಲುಗದಂತೆ ಹಿಡಿದು, ಇನ್ನೊಂದನ್ನು 18 ಸುತ್ತು ತಿರುಗಿಸಿದರೆ ಶಾಫ್ಟಿನ ಮೂತಿ ಸರಿಯಾಗಿ 41 ಸುತ್ತು ಬರಬೇಕು. ಹುಡುಗ ಒಂದು ಕಡೆ ಕಾಲೂರಿ ನಿಂತ, ಮೇಸ್ತ್ರಿ ತಿರುಗಿಸಿದ, ನಾನು ಚಾಕ್‌ಪೀಸಿನ ಗುರುತು ನೋಡಿ ಎಣಿಸಿದೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ನೋಟು ಎಣಿಸಿದ ಕೈ, 40 ಬಂತು. ನೋಡುತ್ತ ನಿಂತಿದ್ದ ಟೀ ಹುಡುಗನಿಗೆ 42. ಎರಡನೇ ಸಲ ಎಣಿಸುವಾಗ ಆರೇಳು ಜನ ಸೇರಿ, ಬಾಯಿಬಿಟ್ಟು, ಮಗ್ಗಿ ಹೇಳುವ ಹಾಗೆ ಹೇಳಿ 41 ಮಾಡಿದರು.

ಅಂದಹಾಗೆ, 42 ಅಲ್ಲ, 45 ಅಲ್ಲ, 41 ಯಾಕೆ? 9ನ್ನೂ 41ನ್ನೂ ಒಟ್ಟಿಗೆ ಭಾಗಿಸುವ ಸಂಖ್ಯೆ ಒಂದನ್ನು ಬಿಟ್ಟರೆ ಬೇರೆ ಇಲ್ಲ. ಹಾಗಾಗಿ ಪಿನಿಯನ್ನಿನ ಪ್ರತಿ ಹಲ್ಲೂ ಸರದಿಯಂತೆ ಕ್ರೌನಿನ ಎಲ್ಲ ಹಲ್ಲನ್ನೂ ಭೇಟಿಯಾಗುತ್ತದೆ. ಅದೇ ಹಲ್ಲಿಗೆ ಅದೇ ಹಲ್ಲು ಪದೇಪದೇ ಸಿಕ್ಕಿ ಸವೆಯುವುದಿಲ್ಲ. ನಮ್ಮ ಬ್ಯಾಂಕಿನಲ್ಲಿ ಮೂರು ವರ್ಷಕ್ಕೊಮ್ಮೆ ಎತ್ತಂಗಡಿ ಮಾಡುತ್ತಿದ್ದುದರ ಗುಟ್ಟು ನನಗೆ ಹೊಳೆದದ್ದು ಶಿವಾಜಿನಗರದಲ್ಲಿ.

ಕಮಾನು ಪಟ್ಟಿಯ ಮೇಲೆ ಅಚ್ಚು ಕೂರಿಸಿ, ಯು ಬೋಲ್ಟ್ ಬಿಗಿದು, ಬ್ರೇಕಿನ ಗಾಳಿ ತೆಗೆದು, ಹೊಸ ಸೀಲು ಹಾಕಿ, ಎಣ್ಣೆ ತುಂಬಿದ್ದು ಒಂದು ದಿನದ ಕೆಲಸ. ಕಾರು ಈಗ ದೇವರಾಣೆ ಸದ್ದು ಮಾಡುವುದಿಲ್ಲ. ಮೊದಲ ಸಂಜೆ ಬಂದು, ಚಪ್ಪಲಿ ಬಿಟ್ಟು, ಪೇಪರ್ ತಿರುವಿ ಹಾಕಿ ಎಷ್ಟು ಹೊತ್ತಾದರೂ ಒಳಗಿಂದ ವಾಸನೆ ಬರಲಿಲ್ಲ. ಕೊನೆಗೆ ಹೆಂಡತಿ ಬಾಗಿಲಿಗೆ ಬಂದಳು. "ರೀ, ಯಾವಾಗ ಬಂದ್ರಿ?"

ಈಗ ಗಣಪತಿ ಗುಡಿಯ ತಿರುವಿನಲ್ಲಿ ಎರಡು ಸಲ ಹಾರ್ನ್ ಹೊಡೆಯುತ್ತೇನೆ. ಅರ್ಚಕರು ತಮಗೆಂದುಕೊಂಡು ಕೈ ಎತ್ತುತ್ತಾರೆ.